ಗೀಳು ಹೆಂಡತಿಗೆ, ಸ್ನಾನ ಗಂಡನಿಗೆ

ಚಿಕ್ಕಮಗಳೂರಿನಲ್ಲಿ ನನ್ನ ಬಳಿ ಗೀಳು ರೋಗದ (ಒಸಿಡಿ: ಒಂದೇ ಭಯ ಮತ್ತೆ ಮತ್ತೆ ಕಾಡುವುದು, ಅದನ್ನು ಕಳೆಯಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು) ಚಿಕಿತ್ಸೆಗೆ ಬರುವ ಹೆಂಗಸರ ಗಂಡಂದಿರು ಸಾಮಾನ್ಯವಾಗಿ ಹೊರಗಿನ ಬೆಂಚಿನಲ್ಲೇ ಉಳಿಯುತ್ತಾರೆ. ಒಳಗೆ ಕರೆದರೆ, ‘ನನಗೇನಾಗಿದೆ ಮೇಡಂ?’ ಎನ್ನುತ್ತಾರೆ. ಏನೂ ಆಗಿಲ್ಲ. ಆದರೆ ಗೀಳು ಮನೆಯ ದಿನಚರಿಯಲ್ಲಿ ಸೇರಿಕೊಂಡಿರುತ್ತದೆ, ಆ ದಿನಚರಿಯನ್ನು ನಡೆಸುವವರು ಇಬ್ಬರು.

ಮೂಡಿಗೆರೆ ಕಡೆಯ ದಂಪತಿಯೊಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಳೆಗಾಲಕ್ಕೆ ಮುನ್ನ ಕಾಫಿ ಗಿಡಗಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರ ಮೈಲುತುತ್ತ ಗಂಡನ ಅಂಗಿಯಿಂದ ಮಕ್ಕಳ ತಟ್ಟೆಗೆ ಬರುತ್ತದೆಂಬ ಭಯ ಆಕೆಗೆ. ಗಂಡ ಒಳ್ಳೆಯ ಮನುಷ್ಯ. ಔಷಧಿ ಹೊಡೆದು ತಿಂಗಳುಗಳಾದರೂ ಹಿತ್ತಿಲ ಬಾಗಿಲಿನಿಂದ ಬಂದು ಮೂರು ಸಲ ಸ್ನಾನ ಮಾಡುತ್ತಿದ್ದರು. ‘ಎಲ್ಲೂ ಮುಟ್ಟಿಲ್ಲ ತಾನೇ?’ ಎಂದರೆ ‘ಇಲ್ಲ ಮಾರಾಯ್ತಿ’. ಮತ್ತೆ ಅದೇ ಪ್ರಶ್ನೆ. ಆ ಸಮಾಧಾನದ ಆಯುಷ್ಯ ಕೆಲವೇ ನಿಮಿಷ. ಭಯ ತಾನಾಗಿಯೇ ಇಳಿಯುತ್ತದೆಂದು ಕಲಿಯಲು ಮನಸ್ಸಿಗೆ ಅವಕಾಶವೇ ಇಲ್ಲ.

ಒಟ್ಟಿಗೆ ಕೂರಿಸುವ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸುತ್ತೇನೆ. ಹೊಡೆತ, ಬೆದರಿಕೆ ಇರುವ ಮನೆಗೆ ಈ ವಿಧಾನ ಸಲ್ಲದು. ಇಲ್ಲಿ ಆ ತೊಂದರೆ ಇರಲಿಲ್ಲ. ಮನೋವೈದ್ಯರು ಆಗಲೇ ಫ್ಲುಯೊಕ್ಸೆಟಿನ್ ಎಂಬ ಔಷಧಿ ಕೊಟ್ಟಿದ್ದರು. ಗೀಳಿನಲ್ಲಿ ಅದರ ಪರಿಣಾಮ ತಿಳಿಯಲು 8ರಿಂದ 12 ವಾರ ಬೇಕು.

ನಾನು ಅನುಸರಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಬ್ರಮೊವಿಟ್ಜ್ ಮತ್ತು ಬಾಕಮ್ ರೂಪಿಸಿದ ದಾರಿ: ಭಯದ ವಸ್ತುವನ್ನು ಮುಟ್ಟುವುದು, ತೊಳೆಯದೆ ಕೂರುವುದು, ಸಂಗಾತಿ ಜೊತೆಗಿರುವುದು. ಒಗೆದ ಅಂಗಿಯೊಂದನ್ನು ತರಿಸಿದೆ. ತೋಳಿನ ಮೇಲೆ ಮಾಸಿದ ನೀಲಿ ಕಲೆ. ಆಕೆ ಅದರ ಮೇಲೆ ಬೆರಳಿಟ್ಟು, ಕೈಯನ್ನು ಮಡಿಲಿನಿಂದ ದೂರ ಹಿಡಿದು ಕೂತರು. ಗಂಡ ‘ಏನೂ ಆಗುವುದಿಲ್ಲ’ ಎನ್ನಲು ಬಾಯಿ ತೆರೆದರು, ತಡೆದೆ. ಬದಲಿಗೆ ಏನು ಹೇಳಬೇಕೆಂದು ಆಕೆಯೇ ಹೇಳಿಕೊಟ್ಟರು: ‘ಇದು ಗೀಳಿನ ಪ್ರಶ್ನೆ. ಉತ್ತರ ಕೊಡುವುದಿಲ್ಲ, ಪಕ್ಕದಲ್ಲೇ ಇರುತ್ತೇನೆ.’ ಈ ಮಾತು ಹೆಂಡತಿಯ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ‘ಉತ್ತರ ಕೊಡಬೇಡಿ’ ಎಂಬುದನ್ನು ಕೆಲವು ಗಂಡಂದಿರು ಗದರಿಸಲು ಸಿಕ್ಕ ಪರವಾನಗಿ ಎಂದುಕೊಳ್ಳುತ್ತಾರೆ.

ಅಂದೇ ಗಂಡ, ‘ಮೂರನೇ ಸ್ನಾನದ ಹೊತ್ತಿಗೆ ಮೈಯೆಲ್ಲ ಉರಿಯುತ್ತಿರುತ್ತದೆ’ ಎಂದರು. ಆಕೆ ಅದುವರೆಗೂ ಆ ಸಿಟ್ಟನ್ನು ಕೇಳಿಯೇ ಇರಲಿಲ್ಲ.

ಔಷಧಿ ಹೊಡೆದ ದಿನ ಒಂದು ಸ್ನಾನ, ಬಟ್ಟೆ ಬೇರೆ ಒಗೆತ: ಅದು ಯಾವ ತೋಟದವರಿಗೂ ಬೇಕಾದದ್ದೇ, ಅದನ್ನು ಉಳಿಸಿಕೊಂಡೆವು. ಉಳಿದ ಸ್ನಾನಗಳು ಒಂದೊಂದಾಗಿ ಬಿಟ್ಟುಹೋದವು. ಮುಂದಿನ ಸಲ ಅತ್ತೆಯವರನ್ನೂ ಕರೆತರಲು ಹೇಳಿದ್ದೇನೆ. ಮಗ ನಿಲ್ಲಿಸಿದ ಉತ್ತರವನ್ನು ಈಗ ಅವರು ಕೊಡುತ್ತಿದ್ದಾರಂತೆ.