ವಿವಿಗೆ ಅರ್ಜಿ ಕೊಡ್ತೀರಾ? ಯಾವ ವಿಷಯ ಯಾವ ಸಮಿತಿಗೆ ಅಂತ ಮೊದಲು ತಿಳ್ಕೊಳ್ಳಿ

ಮಂಡ್ಯದಿಂದ ಬೆಳಗಿನ ರೈಲಿಗೆ ಬಂದು ಮೈಸೂರು ವಿವಿಯ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲಿನಲ್ಲಿ ಅರ್ಜಿ ಹಿಡಿದು ನಿಂತ ಹುಡುಗ ಹುಡುಗಿಯರನ್ನು ತುಂಬಾ ಸಲ ನೋಡಿದ್ದೇನೆ. ಸಿಲಬಸ್ ವಿಷಯವಿರಲಿ, ಹಾಸ್ಟೆಲ್ ವಿಷಯವಿರಲಿ, ಅರ್ಜಿಯ ಮೇಲೆ ಮಾತ್ರ 'ಮಾನ್ಯ ಕುಲಪತಿಗಳಿಗೆ' ಅಂತಲೇ ಇರುತ್ತದೆ. ಅದು ಅಲ್ಲಿಂದ ಇಳಿದು ಸರಿಯಾದ ಸಮಿತಿಗೆ ಸೇರುವಷ್ಟರಲ್ಲಿ ಮಕ್ಕಳು ನಾಲ್ಕು ಸಲ ಓಡಾಡಿರುತ್ತಾರೆ. ನೋಡಿದರೆ ಸಂಕಟ ಆಗುತ್ತದೆ.

1916ರಲ್ಲಿ ಶುರುವಾದ ಮೈಸೂರು ವಿವಿ ಈಗ ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ-2000ರ ಪ್ರಕಾರ. ರಾಜ್ಯಪಾಲರು ಕುಲಾಧಿಪತಿ, ಆಡಳಿತದ ಹೊಣೆ ಕುಲಪತಿಯದು. ದುಡ್ಡು, ಆಸ್ತಿ, ನೇಮಕದಂಥ ದೊಡ್ಡ ತೀರ್ಮಾನ ಸಿಂಡಿಕೇಟ್‌ನಲ್ಲಿ ಆಗುತ್ತದೆ. ಪಾಠ, ಕೋರ್ಸು, ಪರೀಕ್ಷೆಯ ಮಟ್ಟ ನೋಡಿಕೊಳ್ಳುವುದು ಶಿಕ್ಷಣ ಮಂಡಳಿ. ಎರಡಕ್ಕೂ ಕಾರ್ಯದರ್ಶಿ ಕುಲಸಚಿವರು. ಅಂಕಪಟ್ಟಿ, ಫಲಿತಾಂಶದ ವಿಷಯಕ್ಕೆ ಮೌಲ್ಯಮಾಪನ ಕುಲಸಚಿವರು ಬೇರೆ ಇದ್ದಾರೆ, ಅವರನ್ನೇ ಕೇಳಿ.

ಸಿಲಬಸ್ ಬದಲಾಗಬೇಕು ಅಂದ್ರೆ ಮೇಲಿನಿಂದ ಶುರು ಮಾಡಬೇಡಿ. ಆಯಾ ವಿಷಯಕ್ಕೆ ಒಂದು ಅಧ್ಯಯನ ಮಂಡಳಿ ಇರುತ್ತದೆ, ಎಲ್ಲರೂ ಬಿಒಎಸ್ ಅನ್ನುವುದು ಅದಕ್ಕೇ. ಅಲ್ಲಿ ಒಪ್ಪಿದ್ದು ನಿಕಾಯಕ್ಕೆ (ಕಲೆ, ವಿಜ್ಞಾನ ಅಂತ ಹಲವು ವಿಷಯ ಸೇರಿದ ಫ್ಯಾಕಲ್ಟಿ), ಆಮೇಲೆ ಶಿಕ್ಷಣ ಮಂಡಳಿಗೆ ಹೋಗುತ್ತದೆ. ಹಾಗಾಗಿ ಬಿಒಎಸ್ ಸಭೆಗೆ ಮುಂಚೆಯೇ ನಿಮ್ಮ ಮೇಷ್ಟ್ರ ಮೂಲಕ ಅಧ್ಯಕ್ಷರಿಗೆ ಬರೆದುಕೊಡಿ. ಯಾವ ಪೇಪರು, ಯಾವ ಘಟಕ, ಅದರ ಬದಲು ಏನು ಬೇಕು ಅಂತ ಬಿಡಿಸಿ ಬರೆಯಿರಿ. ಸುಮ್ನೆ 'ಸಿಲಬಸ್ ಹಳೆಯದು' ಅಂದರೆ ಸಭೆಯಲ್ಲಿ ಚರ್ಚೆ ಮಾಡುವುದಕ್ಕೆ ಏನೂ ಸಿಗುವುದಿಲ್ಲ.

ಪ್ರವೇಶ, ಶುಲ್ಕ ವಾಪಸಿ, ದಾಖಲೆ ತಡೆಹಿಡಿದದ್ದು, ತಾರತಮ್ಯ, ಇಂಥ ದೂರು ಇದ್ದರೆ ದಾರಿ ಬೇರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮದ ಪ್ರಕಾರ ನೀವು ಓದುವ ಕಡೆಯೇ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿಯೂ ವಿಶೇಷ ಆಹ್ವಾನಿತರಾಗಿ ಇರಬೇಕು. ಸಾಧ್ಯವಾದಷ್ಟೂ 15 ಕೆಲಸದ ದಿನದೊಳಗೆ ಅವರು ವರದಿ ಕೊಡಬೇಕು, ಅದರ ಪ್ರತಿ ನಿಮಗೂ ಬರಬೇಕು. ತೀರ್ಮಾನ ಸರಿ ಅನ್ನಿಸದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ, ಅಂದ್ರೆ ಇಂಥ ಮೇಲ್ಮನವಿ ಕೇಳುವುದಕ್ಕೇ ಇರುವ ಅಧಿಕಾರಿಗೆ, ಮೇಲ್ಮನವಿ ಹಾಕಬಹುದು. ಆದರೆ ಬರೀ ಮರುಮೌಲ್ಯಮಾಪನ ಬೇಕು ಅಂತ ಅಲ್ಲಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ. ಲೈಂಗಿಕ ಕಿರುಕುಳದ ದೂರು ಈ ಸಮಿತಿಗಲ್ಲ, ಆಂತರಿಕ ಸಮಿತಿಗೆ ಕೊಡಬೇಕು, ಅದೂ ಘಟನೆ ನಡೆದ 3 ತಿಂಗಳೊಳಗೆ. ರ‍್ಯಾಗಿಂಗ್ ಆದರೆ ಕಾಯಬೇಡಿ, 1800-180-5522ಕ್ಕೆ ಫೋನ್ ಮಾಡಿ.

ಇನ್ನು ಅರ್ಜಿ. ಒಂದು ಹಾಳೆ, ಒಂದೇ ವಿಷಯ. ಎರಡು ಪ್ರತಿ ತೆಗೆದುಕೊಂಡು ಟಪಾಲು ವಿಭಾಗಕ್ಕೆ ಹೋಗಿ. ಒಂದನ್ನು ಒಳಗೆ ಇಟ್ಟುಕೊಳ್ಳುತ್ತಾರೆ, ಇನ್ನೊಂದರ ಮೇಲೆ ಸೀಲು ಒತ್ತಿಸಿಕೊಳ್ಳಲೇಬೇಕು. ಎಷ್ಟೋ ಸಲ ಮಸಿ ಒಣಗಿ ತಾರೀಖಿನ ಜಾಗದಲ್ಲಿ ಬರೀ ನೀಲಿ ಕಲೆ ಬಿದ್ದಿರುತ್ತದೆ. ಆಗ ನಾಚಿಕೊಳ್ಳದೆ 'ಸರ್, ತಾರೀಖು, ನಂಬರ್ ಪೆನ್ನಲ್ಲಿ ಬರೆದುಕೊಡಿ' ಅಂತ ಕೇಳಿ, ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ ನಂಬರ್ ಇಲ್ಲದಿದ್ದರೆ ನಾಳೆ ನಿಮ್ಮ ಅರ್ಜಿ ಎಲ್ಲಿದೆ ಅಂತ ಹುಡುಕುವುದು ಯಾರಿಗೂ ಆಗುವುದಿಲ್ಲ, ಅಲ್ವಾ?

ಸಭೆಯಲ್ಲಿ ಏನು ತೀರ್ಮಾನ ಆಯ್ತು ಅಂತ ಯಾರೂ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಸಭೆಯ ನಡಾವಳಿ ಕೇಳಿ. ಉತ್ತರಕ್ಕೆ 30 ದಿನ ಗಡುವು. ಕುಂದುಕೊರತೆ ಸಮಿತಿಯ 15 ದಿನವನ್ನು ಮಾತ್ರ ಭಾನುವಾರ, ದಸರಾ ರಜೆ ಎಲ್ಲಾ ಬಿಟ್ಟು ಲೆಕ್ಕ ಹಾಕಿ, ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಅದು ಮುಗಿದ ಮಾರನೇ ದಿನವೇ ಸೀಲಿರುವ ಪ್ರತಿ ಹಿಡಿದು ಹೋಗಿ.