ಬಿಡುವಿನಲ್ಲಿ ಕಾರ್ ಡಿಟೇಲಿಂಗ್ (ಕಾರನ್ನು ಕೂಲಂಕಷವಾಗಿ ತೊಳೆದು ಹೊಳಪಿಸುವ ಕೆಲಸ) ಮಾಡುವವರಿಗೆ: ಗೀರು ಬೀಳದಂತೆ ತೊಳೆಯುವುದು

ನೀರು ಹಾಕುವ ಮೊದಲೇ ಮಾಲೀಕರ ಎದುರು ಗಾಡಿಯ ಸುತ್ತ ಫೋಟೊ ತೆಗೆಯಿರಿ. ಹಳೆಯ ಗೀರಿನ ತಕರಾರು ಅಲ್ಲಿಗೇ ಮುಗಿಯುತ್ತದೆ.

ಮೊದಲು ಚಕ್ರ. ಅದಕ್ಕೆ ಬೇರೆಯೇ ಬಕೆಟ್, ಬ್ರಷ್. ಬ್ರೇಕ್ ಪುಡಿಯಲ್ಲಿ ಲೋಹದ ಕಣಗಳಿರುತ್ತವೆ. ಚಕ್ರಕ್ಕೆ ಬಳಸಿದ ಬಟ್ಟೆಯೇ ಬಾನೆಟ್ ಮೇಲೆ ಆಡಿದರೆ ಬಿಸಿಲಲ್ಲಿ ಜೇಡರ ಬಲೆಯಂಥ ಗೀರು ಎದ್ದು ಕಾಣುತ್ತದೆ. ಕಾರಿನ ಮೈಗೆ 2 ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಮಿಟ್ (ಕಾರು ತೊಳೆಯುವ ಮೆತ್ತನೆಯ ಕೈಗವಸು) ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ, ಪ್ರತಿ ಪ್ಯಾನಲ್ (ಬಾಗಿಲು, ಬಾನೆಟ್‌ನಂಥ ಒಂದೊಂದು ಭಾಗ) ಮುಗಿದಾಗಲೂ ಮಿಟ್ ಜಾಲಿಸಿ. ಬಾನೆಟ್ ಬಿಸಿಯಿದ್ದರೆ ತಣಿಯಲಿ, ಇಲ್ಲದಿದ್ದರೆ ಶಾಂಪೂ ಒಣಗಿ ಕಲೆ ಕೂರುತ್ತದೆ.

ಕಾರು ಒರೆಸುವ ಮೈಕ್ರೋಫೈಬರ್ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ (ಬಟ್ಟೆ ಮೆದುವಾಗಿಸುವ ದ್ರವ) ಬೇಡವೇ ಬೇಡ, ನೀರು ಹೀರುವ ಗುಣ ಹೋಗುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು (ಎಷ್ಟೇ ಅವಸರವಿರಲಿ) ಒಗೆಯದೆ ಮತ್ತೆ ಬಣ್ಣಕ್ಕೆ ಮುಟ್ಟಿಸಬೇಡಿ.