ಗಣಿತ ಪರೀಕ್ಷೆ ಬಂತು: ಬೀಜಗಣಿತ, ರೇಖಾಗಣಿತ ಮತ್ತೊಮ್ಮೆ ನೋಡಿಕೊಳ್ಳುವುದು ಹೇಗೆ?

ಏಳನೆಯದೋ ಎಂಟನೆಯದೋ ಓದುವ ಮಗು ಮನೆಯಲ್ಲಿದ್ದರೆ ನಿಮಗೆ ಗೊತ್ತೇ ಇರುತ್ತದೆ. ಮಾಡಿದ ಲೆಕ್ಕಗಳ ಮೇಲೆ ಸುಮ್ನೆ ಕಣ್ಣಾಡಿಸಿ, 'ಎಲ್ಲಾ ಬರುತ್ತಮ್ಮಾ' ಅಂತ ನೋಟ್ಸ್ ಮುಚ್ಚಿಟ್ಟುಬಿಡುತ್ತಾರೆ. ಅದನ್ನು ನಂಬಬೇಡಿ.

ಮೊದಲು ಹಳೆಯ ಟೆಸ್ಟ್ ಪೇಪರ್ ಹುಡುಕಿ. ಕೆಂಪು ಇಂಕು ಬಿದ್ದ ಲೆಕ್ಕಗಳನ್ನಷ್ಟೇ ಖಾಲಿ ಹಾಳೆಯಲ್ಲಿ ಮತ್ತೆ ಮಾಡಿಸಿ, ಪಕ್ಕದಲ್ಲಿ ಕೂತು ಯಾವ ಸಾಲಿನಲ್ಲಿ ಕೈ ನಿಲ್ಲುತ್ತದೆ ಅಂತ ನೋಡಿ, ನಡುವೆ ಬಾಯಿ ಹಾಕಬೇಡಿ. ಉತ್ತರ ತಪ್ಪಾಗಿದೆ ಅನ್ನುವುದಕ್ಕಿಂತ ಯಾವ ಸಾಲಿನಲ್ಲಿ ತಪ್ಪಿತು ಅನ್ನುವುದು ಮುಖ್ಯ.

ಬೀಜಗಣಿತದಲ್ಲಿ ಮುಕ್ಕಾಲು ಪಾಲು ತಪ್ಪು ಆಗುವುದು ಆವರಣ ಬಿಡಿಸುವಾಗ. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ಇಲ್ಲಿ 'ಯ' ಅಂದುಕೊಳ್ಳೋಣ. 5(ಯ − 3) = 2ಯ + 9. ಅವಸರದ ಹುಡುಗರು 5ಯ − 3 ಅಂತ ಬರೆದುಬಿಡುತ್ತಾರೆ. ಹೊರಗಿನ 5 ಒಳಗಿನ ಇಬ್ಬರಿಗೂ ಸೇರಬೇಕು: 5ಯ − 15 = 2ಯ + 9. ಆಮೇಲೆ 3ಯ = 24, ಯ = 8. ಇಲ್ಲಿಗೆ ನಿಲ್ಲಿಸಬೇಡಿ, 8 ಅನ್ನು ಮೊದಲ ಸಾಲಿಗೇ ಹಾಕಿ ನೋಡಿಸಿ. ಎಡಕ್ಕೆ 5 × 5 = 25, ಬಲಕ್ಕೆ 16 + 9 = 25. ಸರಿ ಅಂತ ಮಗುವಿಗೇ ಗೊತ್ತಾಯಿತು, ಮೇಷ್ಟ್ರು ಹೇಳಬೇಕಾಗಿಲ್ಲ. ಆವರಣದ ಮುಂದೆ ಬರೀ ಮೈನಸ್ ಇದ್ದರೆ ಇನ್ನೂ ಹುಷಾರು: −(3ಯ − 7) ಅಂದರೆ −3ಯ + 7.

ವಾಕ್ಯದ ಲೆಕ್ಕ ಕಂಡರೆ ಹೆದರುವವರು ಜಾಸ್ತಿ. ಮೂರು ಮದ್ದೂರು ವಡೆ, ಜೊತೆಗೆ 10 ರೂಪಾಯಿಯ ಒಂದು ಕಾಫಿ, ಒಟ್ಟು ಬಿಲ್ಲು 70 ಅನ್ನಿ, ಒಂದು ವಡೆಗೆ ಎಷ್ಟು? ಬಾಯಲ್ಲೇ 20 ಅಂದುಬಿಡುತ್ತಾರೆ. ಅದನ್ನೇ 3ಯ + 10 = 70 ಅಂತ ಬರೆಸಿ. ಬಾಯಿಲೆಕ್ಕ ಬರುವ ಮಕ್ಕಳಿಗೆ ಸಮೀಕರಣ ಬರೆಯಲು ಸೋಮಾರಿತನ, ಆದರೆ ಪರೀಕ್ಷೆಯಲ್ಲಿ ಹಂತಗಳಿಗೂ ಅಂಕ ಇರುತ್ತದೆ.

ಇನ್ನು ರೇಖಾಗಣಿತ. ನನ್ನ ಪ್ರಕಾರ ಸೂತ್ರ ಬಾಯಿಪಾಠ ಮಾಡಿಸುವುದಕ್ಕಿಂತ ಚಿತ್ರ ಬರೆಸುವುದು ಮೇಲು. ಚಿತ್ರ ಬರೆಯದೆ ಶುರು ಮಾಡಿದರೆ ಸುತ್ತಳತೆ ಕೇಳಿದ ಕಡೆ ವಿಸ್ತೀರ್ಣ ಬಂದಿರುತ್ತದೆ. ಮೈಸೂರಿನ ವಿಜಯನಗರದಲ್ಲೋ ಬೋಗಾದಿಯಲ್ಲೋ ಒಂದು ಮೂವತ್ತು ನಲವತ್ತರ ಸೈಟು ಇದೆ ಅಂದುಕೊಳ್ಳಿ. ಬೇಲಿ ಹಾಕಲು ಸುತ್ತಳತೆ, 140 ಅಡಿ. ಜಾಗ ಎಷ್ಟು ಅಂದರೆ ವಿಸ್ತೀರ್ಣ, 1200 ಚದರ ಅಡಿ. ಆ 'ಚದರ' ಬಿಟ್ಟರೆ ಅಂಕ ಹೋಗುತ್ತದೆ. ಮಂಡ್ಯ ಕಡೆಯವರು ಗುಂಟೆ ಹಿಡಿದೇ ಹೇಳಿಕೊಡಬಹುದು: 33 ಅಡಿಗೆ 33 ಅಡಿಯ ಚೌಕ ಒಂದು ಗುಂಟೆ, ಅಂದರೆ 1089 ಚದರ ಅಡಿ, ಅಂಥ 40 ಸೇರಿದರೆ ಎಕರೆ.

ಅದೇ ಸೈಟಿನಲ್ಲಿ ಮೂಲೆಯಿಂದ ಎದುರು ಮೂಲೆಗೆ ಗೆರೆ ಎಳೆಸಿ. 30 ರ ವರ್ಗ 900, 40 ರ ವರ್ಗ 1600, ಎರಡೂ ಸೇರಿ 2500, ಅದು 50 ರ ವರ್ಗ. ಹಾಗಾಗಿ ಕರ್ಣ ಸರಿಯಾಗಿ 50 ಅಡಿ. ಇದೇ ಪೈಥಾಗೊರಸ್ ಪ್ರಮೇಯ. ಗಾರೆ ಕೆಲಸದವರು ಪಾಯ ಹಾಕುವಾಗ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ನಡುವೆ 5 ಅಡಿ ಬಂತಾ ಅಂತ ಟೇಪು ಹಿಡಿದು ನೋಡುವುದೂ ಇದನ್ನೇ, ಬಂದರೆ ಮೂಲೆ 90 ಡಿಗ್ರಿ. ಲಂಬಕೋನ ಇಲ್ಲದ ತ್ರಿಭುಜಕ್ಕೆ ಮಾತ್ರ ಈ ಸೂತ್ರ ಹಾಕಬಾರದು.

ಕೋನಗಳಲ್ಲಿ ನೆನಪಿರಬೇಕಾದದ್ದು ಕಡಿಮೆ. ಪೂರಕ ಕೋನಗಳ ಮೊತ್ತ 90, ಪರಿಪೂರಕ ಕೋನಗಳದು 180, ತ್ರಿಭುಜದ ಮೂರು ಕೋನ ಸೇರಿದರೂ 180. ಕೋನಗಳು ಯ, 2ಯ, 3ಯ ಇದ್ದರೆ 6ಯ = 180, ಅಂದರೆ 30, 60, 90. ನೋಡಿ, ಇಲ್ಲಿ ಎರಡೂ ಪಾಠ ಒಂದೇ ಲೆಕ್ಕದಲ್ಲಿ ಬಂದವು ಅಲ್ವಾ?

ಎಂಟನೇ ಕ್ಲಾಸಿನವರಿಗೆ ಇನ್ನೊಂದು. (10 + 3) ರ ವರ್ಗ 100 + 9 ಅಂತ ಬರೆದರೆ 109 ಬರುತ್ತದೆ, ಆದರೆ 13 × 13 = 169. ಕಡಿಮೆ ಬಿದ್ದ 60 ಎಲ್ಲಿ? 13 ಸೆಂಟಿಮೀಟರ್ ಚೌಕ ಬರೆದು, ಎರಡೂ ಬದಿಯನ್ನು 10 ಮತ್ತು 3 ಆಗಿ ಕತ್ತರಿಸಿದರೆ 10 × 3 ರ ಎರಡು ಆಯತಗಳು ಕಾಣುತ್ತವೆ. ಅಲ್ಲೇ ಇದೆ ಆ 60. ಇದನ್ನು ಕೈಯಾರೆ ಬರೆದ ಮಗು ನಡುವಿನ ಪದ (ಇಲ್ಲಿ 2 × 10 × 3) ಬಿಡುವುದಿಲ್ಲ.

ಹಿಂದಿನ ರಾತ್ರಿ ಹೊಸ ಲೆಕ್ಕ ಬೇಡ. ಕೈವಾರದ ಸ್ಕ್ರೂ ಬಿಗಿಯಾಗಿದೆಯಾ, ಪೆನ್ಸಿಲ್ ಚೂಪಾಗಿದೆಯಾ ಅಂತ ನೋಡಿ ಬೇಗ ಮಲಗಿಸಿ.